ಗೂಡುಸಾಬರ ಸೆಟ್ಟು ಯಾರಿಗೆ?

ಗಾಳಿಮಾತು ನಂಬಬೇಡಿ ಎಂದು ನೀವು ನಾಲ್ಕು ಜನರಿಗೆ ಹೇಳಿರುತ್ತೀರಿ. ನಿಮಗೂ ನಾಲ್ಕು ಜನ ಹೇಳಿರುತ್ತಾರೆ. ಈ ಕಥೆ ಮುಗಿಯುವವರೆಗೆ ಆ ಬುದ್ಧಿಮಾತನ್ನು ಸ್ವಲ್ಪ ಬದಿಗಿಡಿ. ಇಲ್ಲಿ ಬರುವುದೆಲ್ಲ ಗಾಳಿಯಲ್ಲೇ ಬಂದ ಮಾತು. ಆದರೂ ಖರೇ.

ನಾವು ಹಾವೇರಿ ಕಡೆಯ ಹ್ಯಾಮ್‌ಗಳು. ನಮ್ಮ ಗುಂಪಿನ ಹೆಸರು ವರದಾ ಹ್ಯಾಮ್ ಬಳಗ. ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ಮನೆಯಲ್ಲೊಂದು ರೇಡಿಯೊ ಸೆಟ್ಟು ಇಟ್ಟುಕೊಂಡವರು. ಸುಮ್ಮನೆ ಕೇಳುವ ರೇಡಿಯೊ ಅಲ್ಲ, ತಿರುಗಿ ಮಾತಾಡುವ ರೇಡಿಯೊ. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸನ್ಸ್ ತೆಗೆದುಕೊಂಡರೆ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಮಾತಾಡಬಹುದು. ಟವರ್ ಬೇಡ, ಸಿಮ್ ಬೇಡ, ರಿಚಾರ್ಜ್ ಬೇಡ. ಬಾಯಿ ಬೇಕು, ಅದಕ್ಕಿಂತ ಹೆಚ್ಚು ಕಿವಿ ಬೇಕು.

ದಿನಾ ಮುಂಜಾನೆ ಏಳೂವರೆಗೆ ನಮ್ಮದು ಗಾಳಿಯಲ್ಲೇ ಹಾಜರಿ. ಒಬ್ಬೊಬ್ಬರೂ ಲೈಸನ್ಸಿನ ಜೊತೆ ಸಿಕ್ಕ ತಮ್ಮ ಗುರುತಿನ ಅಕ್ಷರ ಹೇಳಿ, ಕ್ಷೇಮ ಹೇಳಿ, ಮಳೆ ಬಿಸಿಲು ಹೇಳಿ ಸರಿಯುತ್ತೇವೆ. ಹೋದ ವರ್ಷ ಜನವರಿಯ ಒಂದು ಸೋಮವಾರ ಆ ಹಾಜರಿಯ ನಡುವೆ ಯಾರೋ ದಪ್ಪ ದನಿಯವರು ನುಗ್ಗಿದರು.

"ಲಾರಿ ಹಿಂದ ತಗೋ. ಕಡ್ಡಿ ಕೆಳಗಿರ್ಲಿ, ಡಬ್ಬಿ ಮ್ಯಾಲಿರ್ಲಿ."

ಕಡ್ಡಿ, ಡಬ್ಬಿ ಎಂದರೆ ನಮ್ಮ ಕಡೆ ಯಾರೂ ಅರ್ಥ ಕೇಳುವುದಿಲ್ಲ. ಎರಡೂ ಬ್ಯಾಡಗಿ ಮೆಣಸಿನಕಾಯಿ. ಸೋಮವಾರ ಮತ್ತು ಗುರುವಾರ ಬ್ಯಾಡಗಿ ಮಾರುಕಟ್ಟೆಯ ದಿನ. ಗುರುವಾರ ಅದೇ ದನಿ ಮತ್ತೆ ಬಂತು. ಮುಂದಿನ ಸೋಮವಾರವೂ ಬಂತು. ನಮ್ಮ ಕ್ಷೇಮಸಮಾಚಾರಕ್ಕೆ ಮೆಣಸಿನಕಾಯಿಯ ಒಗ್ಗರಣೆ ಬೀಳತೊಡಗಿತು.

ನನಗೆ ಮಂದಿಯ ದನಿ ತೆಗೆಯುವ, ಅಂದರೆ ಮಿಮಿಕ್ರಿಯ ಚಟ. ಆ ದಪ್ಪ ದನಿಯನ್ನೇ ತೆಗೆದು, ಲಾರಿಯನ್ನು ಸೀದಾ ಕಾಗಿನೆಲೆಗೆ ಕಳಿಸಿಬಿಡೋಣವೇ ಎಂದು ಕರಬಸಪ್ಪ ಕಾಕಾ ಅವರನ್ನು ಕೇಳಿದೆ. ಕಾಕಾ ರಾಣೇಬೆನ್ನೂರು ಹತ್ತಿರದ ಹಲಗೇರಿಯವರು, ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ನಮ್ಮಲ್ಲೆಲ್ಲ ಹಿರಿಯ ಹ್ಯಾಮ್. ಅವರು ನಗಲಿಲ್ಲ.

"ಸುಳ್ಳ ಹೆಸರಿಲೆ ಗಾಳಿಗೆ ಮಾತ ಬಿಟ್ಟಿ ಅಂದ್ರ, ಅವಂಗಿಂತ ಮೊದಲ ನಿನ್ನ ಲೈಸನ್ಸ್ ಹೋಗತೈತಿ. ನಿನ್ನ ಸೋಗು ನೆಲದ ಮ್ಯಾಲೆ ಇರ್ಲಿ."

ಆ ದನಿ ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಸರಿಯಾದ ದಾರಿ. ಅದಕ್ಕೆ ಪೊಲೀಸ್ ಜೀಪು ಬೇಡ. ಒಂದು ಪ್ಲಾಸ್ಟಿಕ್ ಪೈಪಿಗೆ ಬಡಿಗೇರರ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿದರೆ ಒಂದು ಏರಿಯಲ್ ಆಗುತ್ತದೆ. ಅದನ್ನು ಯಾವ ಕಡೆ ತಿರುಗಿಸಿದಾಗ ದನಿ ಜೋರಾಗುತ್ತದೋ ಮಾತಾಡುವವನು ಆ ಕಡೆ ಇದ್ದಾನೆ. ಹಾವೇರಿಯಿಂದ ನಾನೊಂದು ಗೆರೆ ಎಳೆದೆ, ಹಲಗೇರಿಯಿಂದ ಕಾಕಾ ಒಂದು ಗೆರೆ ಎಳೆದರು. ನಕಾಶೆಯ ಮೇಲೆ ಎರಡೂ ಗೆರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಕೂಡಿದವು.

ಗುರುವಾರ ಇಬ್ಬರೂ ಬ್ಯಾಡಗಿಗೆ ಹೋದೆವು. ಮಾರುಕಟ್ಟೆಯ ತುಂಬ ಕೆಂಪು ಚೀಲಗಳು. ನಾನು ಏರಿಯಲ್ ಹಿಡಿದು ತಿರುಗಿಸುವುದು, ಘಾಟಿಗೆ ಸೀನುವುದು, ಮತ್ತೆ ತಿರುಗಿಸುವುದು. ಹಮಾಲರು ಟಿವಿಯವರು ಬಂದಿದ್ದಾರೆ ಎಂದು ತಿಳಿದು ಚೀಲ ಬಿಟ್ಟು ಕೂದಲು ಸರಿಮಾಡಿಕೊಂಡರು. ಕೊನೆಗೆ ಒಂದು ದಲಾಲಿ ಅಂಗಡಿಯ ಮುಂದೆ, ಚೀಲಗಳ ಮೇಲೆ ನಿಂತು, ಕೈಯಲ್ಲಿ ಒಂದು ಸಣ್ಣ ಸೆಟ್ಟು ಹಿಡಿದು, ಅದರ ಜೋಡಿ ಸೆಟ್ಟನ್ನು ಡ್ರೈವರನ ಕೈಗೆ ಕೊಟ್ಟು, ಲಾರಿಯನ್ನು ಹಿಂದಕ್ಕೆ ತೆಗೆಸುತ್ತಿದ್ದವರು ಸಿಕ್ಕರು. ಆ ಅಂಗಡಿಯ ಮುಸ್ತಾಕ್ ಸಾಹೇಬರು.

ಅವರು ಓಡಲಿಲ್ಲ, ಅಡಗಲಿಲ್ಲ. ಕರೆದು ಕೂಡ್ರಿಸಿ ಚಹಾ ತರಿಸಿದರು. ಸೆಟ್ಟು ಯಾರದು ಎಂದು ಕೇಳಿದರೆ ತಮ್ಮ ಅಣ್ಣನದು ಎಂದರು. ಅಣ್ಣ ಯಾರು ಎಂದರೆ, ಗುತ್ತಲದ ಗೂಡುಸಾಬ.

ಕಾಕಾ ಚಹಾದ ಕಪ್ಪನ್ನು ಹಾಗೇ ಹಿಡಿದು ಕುಳಿತರು. ಗೂಡುಸಾಬರು ಗುತ್ತಲದ ಬಸ್ ನಿಲ್ದಾಣದ ಹಿಂದೆ ರೇಡಿಯೊ ಟಿವಿ ರಿಪೇರಿ ಅಂಗಡಿ ಇಟ್ಟವರು. ಇಪ್ಪತ್ತೆರಡು ವರ್ಷ ನಮ್ಮ ಹಾಜರಿಯಲ್ಲಿ ತಪ್ಪದೆ ದನಿ ಕೊಟ್ಟವರು. ಏಳು ತಿಂಗಳ ಹಿಂದೆ ತೀರಿಕೊಂಡಿದ್ದರು. ನಾವು ಮಣ್ಣಿಗೆ ಹೋಗಿ ಬಂದೆವು. ಆಮೇಲೆ ಯಾರೂ ಆ ಮನೆಯ ಕಡೆ ಹಾಯಲಿಲ್ಲ. ಈ ಕಥೆಯಲ್ಲಿ ಮೊದಲ ತಪ್ಪು ನಮ್ಮದೇ.

"ಅಣ್ಣನ ವಸ್ತು ಮೂಲ್ಯಾಗ ಧೂಳ ತಿನ್ನೂದಕಿಂತ ಕೆಲಸಕ್ಕ ಬರ್ಲಿ ಅಂತ ತಂದೇನ್ರಿ. ಕಳವೇನು ಮಾಡಿಲ್ಲಲ್ಲ" ಎಂದರು ಮುಸ್ತಾಕ್.

ಕಾಕಾ ಸಮಾಧಾನದಿಂದ ಬಿಡಿಸಿ ಹೇಳಿದರು. ಲೈಸನ್ಸ್ ಇದ್ದದ್ದು ಗೂಡುಸಾಬರ ಹೆಸರಿಗೆ. ಅದು ಅವರ ಜೊತೆಗೇ ಮುಗಿಯಿತು. ಮನೆ, ಹೊಲದ ಹಾಗೆ ಅದು ತಮ್ಮನಿಗೋ ಮಗನಿಗೋ ಇಳಿದು ಬರುವುದಿಲ್ಲ. ಲೈಸನ್ಸ್ ಇಲ್ಲದೆ ಈ ಸೆಟ್ಟಿನಲ್ಲಿ ಮಾತಾಡುವುದು ಅಪರಾಧ. ಇನ್ನು ವ್ಯಾಪಾರದ ಮಾತು ಲೈಸನ್ಸ್ ಇದ್ದವರೂ ಆಡುವಂತಿಲ್ಲ.

ಮುಸ್ತಾಕರಿಗೆ ಕೊನೆಯ ಮಾತು ಹಿಡಿಸಲಿಲ್ಲ. "ಅಂದ್ರ ಪರೀಕ್ಷಾ ಬರದು, ಲೈಸನ್ಸ್ ತಗೊಂಡು, ನೀವು ದಿನಾ ಬರೇ ಊಟ ಆತೇನು ಅಂತ ಕೇಳಾಕತ್ತೀರೇನು?"

"ಹೌದ್ರಿ ಸಾವ್ಕಾರ್ರ. ಊಟ ಸಿಗದಂಥಾ ದಿನ ಬಂದ್ರ, ಅದನ್ನ ಮೊದಲ ಕೇಳಾವ್ರೂ ನಾವ" ಎಂದರು ಕಾಕಾ.

ಮುಸ್ತಾಕ್ ಎರಡೂ ಸಣ್ಣ ಸೆಟ್ಟುಗಳನ್ನು ಕಾಕಾನ ಕೈಯಲ್ಲಿಟ್ಟರು. ಅಂಜಿಕೆಯೂ ಇತ್ತು, ಮರ್ಯಾದೆಯೂ ಇತ್ತು. ಇಟ್ಟ ಮೇಲೆ ಇನ್ನೊಂದು ಸಂಗತಿ ಬಾಯಿಬಿಟ್ಟರು. ಗುತ್ತಲದ ಮನೆಯಲ್ಲಿ ಅಣ್ಣನ ದೊಡ್ಡ ಸೆಟ್ಟು ಇದೆ. ಫೋನಿನಲ್ಲಿ ಫೋಟೋ ಹಾಕಿದ್ದಕ್ಕೆ ಪರಜಿಲ್ಲೆಯ ಯಾರೋ ಕೊಳ್ಳಲು ಒಪ್ಪಿದ್ದಾರೆ. ಭಾನುವಾರ ಬಂದು ಒಯ್ಯುತ್ತಾರೆ. ಕೊಳ್ಳುವವರಿಗೆ ಲೈಸನ್ಸ್ ಇದೆಯೇ ಎಂದು ಕೇಳಿದರೆ, ಅದನ್ನು ಕೇಳಬೇಕು ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಹೇಳಿದ್ದೀರಾ ಎಂದರೆ, ಹೇಳುತ್ತೇನೆ ಎಂದರು.

ನಾವು ಶನಿವಾರವೇ ಗುತ್ತಲಕ್ಕೆ ಹೋದೆವು. ಮುಸ್ತಾಕರೂ ಬಂದರು. ಹಾವೇರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಭುವನಾ ಕೂಡ ನಮ್ಮ ಬಳಗದವರು, ಅವರನ್ನೂ ಕರೆದುಕೊಂಡೆವು.

ಗೂಡುಸಾಬರ ಹೆಂಡತಿ ರೋಷನಬಿ ಬಾಗಿಲಲ್ಲೇ ನಿಂತು ಮಾತಾಡಿಸಿದರು. ಒಳಗೆ ಮೇಜಿನ ಮೇಲೆ ದೊಡ್ಡ ಸೆಟ್ಟು, ಅದರ ಮೇಲೆ ಕಸೂತಿಯ ಬಟ್ಟೆ. ಮಾಳಿಗೆಯ ಮೇಲೆ ಏರಿಯಲ್ ಕಂಬ ಇನ್ನೂ ನಿಂತಿತ್ತು. ಅದಕ್ಕೆ ಸಿಡಿಲು ಬಡಿಯುತ್ತದೆ, ಇಳಿಸಿರಿ ಎಂದು ಓಣಿಯವರು ಹೇಳುತ್ತಿದ್ದರಂತೆ. ನೆಲಕ್ಕೆ ತಂತಿ ಕೊಟ್ಟಿದೆ, ಅಂಜಬೇಡಿ ಎಂದು ಕಾಕಾ ಮೇಲೆ ಹತ್ತಿ ನೋಡಿ ಬಂದು ಹೇಳಿದರು. ಮಳೆಗಾಲಕ್ಕೆ ಮೊದಲು ಬಳಗದವರು ಬಂದು ಮತ್ತೊಮ್ಮೆ ಪರೀಕ್ಷಿಸುತ್ತೇವೆ ಎಂದೂ ಹೇಳಿದರು.

ಆಮೇಲೆ ಕಾಕಾ ಚೀಲದಿಂದ ಒಂದು ಕಟ್ಟು ತೆಗೆದರು. ನಲವತ್ತಮೂರು ಕಾರ್ಡುಗಳು. ಇಬ್ಬರು ಹ್ಯಾಮ್‌ಗಳು ಗಾಳಿಯಲ್ಲಿ ಮಾತಾಡಿದ ಮೇಲೆ ಅದರ ನೆನಪಿಗೆ ಒಬ್ಬರಿಗೊಬ್ಬರು ಕಾರ್ಡು ಕಳಿಸುವುದು ನಮ್ಮಲ್ಲಿ ರೂಢಿ. ಪರದೇಶದ ಕಾರ್ಡುಗಳನ್ನು ಒಟ್ಟುಗೂಡಿಸಿ, ವಿಂಗಡಿಸಿ, ಊರೂರಿಗೆ ಕಳಿಸಲು ಹ್ಯಾಮ್ ಸಂಘದವರೇ ಪುಕ್ಕಟೆ ದುಡಿಯುತ್ತಾರೆ. ನಿಧಾನದ ಕೆಲಸ ಅದು. ಎರಡು ವರ್ಷದ ಹಿಂದಿನ ಮಾತಿನ ಕಾರ್ಡು ಇವತ್ತು ಬರುತ್ತದೆ. ನಮ್ಮ ಭಾಗದ ಕಾರ್ಡುಗಳು ಕಾಕಾನ ಮನೆಗೆ ಬರುತ್ತವೆ. ಗೂಡುಸಾಬರು ಹೋದ ಮೇಲೂ ಅವರ ಹೆಸರಿಗೆ ಬರುತ್ತಲೇ ಇದ್ದವು. ಯಾರಿಗೆ ಕೊಡುವುದು ಎಂದು ತಿಳಿಯದೆ ಇಟ್ಟುಕೊಂಡಿದ್ದೆ, ತಪ್ಪಾಯಿತು ತಂಗೀ ಎಂದು ಕಾಕಾ ಕೈಮುಗಿದರು.

ರೋಷನಬಿ ಕಾರ್ಡುಗಳನ್ನು ಜಮಖಾನೆಯ ಮೇಲೆ ಒಂದೊಂದಾಗಿ ಹರವಿದರು. ಹಡಗಿನ ಚಿತ್ರ, ಹಿಮದ ಗುಡ್ಡದ ಚಿತ್ರ, ಒಬ್ಬ ಮುದುಕ ತನ್ನ ನಾಯಿಯ ಜೊತೆ ನಿಂತ ಚಿತ್ರ. ಇಂಗ್ಲಿಷು ಅವರಿಗೆ ಅಷ್ಟಾಗಿ ತಿಳಿಯದು. ಭುವನಾ ಓದಿ ಕನ್ನಡದಲ್ಲಿ ಹೇಳತೊಡಗಿದರು. ಜಪಾನಿನ ಒಂದು ಕಾರ್ಡಿನಲ್ಲಿ ಹೀಗಿತ್ತು: 'ನಿಮ್ಮ ದನಿ ಸಣ್ಣದಾಗಿತ್ತು, ಆದರೆ ನೀವು ಬೇಸರಪಡದೆ ಐದು ಸಲ ಹೇಳಿದಿರಿ. ಹಿಂದೆ ಯಾರೋ ಚಪ್ಪಾಳೆ ತಟ್ಟಿದಂಥ ಸದ್ದು ಬರುತ್ತಿತ್ತು. ಏನೆಂದು ಕೇಳಿದಾಗ, ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ ಎಂದಿರಿ. ಅವರಿಗೂ ನನ್ನ ನಮಸ್ಕಾರ.'

ರೋಷನಬಿ ಆ ಕಾರ್ಡನ್ನು ಭುವನಾ ಕೈಯಿಂದ ತೆಗೆದುಕೊಂಡರು. ಅದರ ಇಂಗ್ಲಿಷು ತಿಳಿಯದಿದ್ದರೂ ಬಹಳ ಹೊತ್ತು ನೋಡಿದರು.

"ನನ್ನ ರೊಟ್ಟಿ ಸಪ್ಪಳ ಜಪಾನಕ್ಕ ಹೋಗಿತ್ತೇನವಾ?"

"ಹೋಗಿತ್ರಿ ಅಕ್ಕಾ."

"ಹಂಗಿದ್ರ ಈ ಸೆಟ್ ನಂದೂ ಹೌದು. ಮಾರೂದಿಲ್ಲ."

ಮುಸ್ತಾಕ್ ಅತ್ತಿಗೆಯ ಎದುರು ದನಿ ಎತ್ತುವವರಲ್ಲ. ಆದರೂ ಹೇಳುವುದನ್ನು ಹೇಳಿದರು. ಪೊಲೀಸರು ಬಂದರೆ ಯಾರು ಉತ್ತರ ಕೊಡುವುದು, ಮಾತಾಡುವವರೇ ಇಲ್ಲದ ಮನೆಯಲ್ಲಿ ಸೆಟ್ಟಿಟ್ಟು ಏನು ಮಾಡುವುದು, ಅಂಗೈಯಲ್ಲಿ ಫೋನ್ ಇರುವಾಗ ಇದರ ಉಸಾಬರಿ ಯಾಕೆ. ಮೂರೂ ಸರಿಯಾದ ಪ್ರಶ್ನೆಗಳೇ.

ಮೂರನೆಯದಕ್ಕೆ ರೋಷನಬಿ ತಾವೇ ಉತ್ತರ ಕೊಟ್ಟರು. ಹೊಳೆ ಬಂದ ವರ್ಷ ತುಂಗಭದ್ರೆಯ ನೀರು ದಂಡೆ ದಾಟಿ, ಕರೆಂಟು ಹೋಗಿ, ಎರಡು ದಿನ ಫೋನುಗಳು ಸತ್ತಿದ್ದವು. ಗೂಡುಸಾಬರು ಟ್ರ್ಯಾಕ್ಟರಿನ ಬ್ಯಾಟರಿಗೆ ಸೆಟ್ಟು ಹಚ್ಚಿ ಕುಳಿತಿದ್ದರು. ಯಾರಿಗೆ ಯಾವ ಗುಳಿಗೆ ಬೇಕು, ಯಾವ ಮನೆಯ ಬಸುರಿಯನ್ನು ಕರೆದೊಯ್ಯಬೇಕು ಎಂದು ಓಣಿಯವರು ಬಂದು ಹೇಳುವುದು, ರೋಷನಬಿ ಪಟ್ಟಿ ಬರೆಯುವುದು, ಗೂಡುಸಾಬರು ಹಾವೇರಿಗೆ ಓದುವುದು.

"ಟವರ್ ನಿಂತ ದಿನ ಅಂಗೈಯಾಗಿನ ಫೋನ್ ಬರೇ ಗಡಿಯಾರ ಆಗಿತ್ತಲ್ಲೋ ಮುಸ್ತಾಕ್" ಎಂದರು.

ಮುಸ್ತಾಕ್ ನೆನಪು ಮಾಡಿಕೊಂಡರು. ಆ ಎರಡನೇ ದಿನ ಅವರು ಬ್ಯಾಡಗಿಯಲ್ಲಿ ಅಣ್ಣನ ಸುದ್ದಿ ಸಿಗದೆ ಒದ್ದಾಡುತ್ತಿದ್ದಾಗ, ಮಳೆಯಲ್ಲಿ ತೊಯ್ದ ಒಬ್ಬ ಹುಡುಗಿ ಅಂಗಡಿಗೆ ಬಂದು ಚೀಟಿ ಕೊಟ್ಟು ಹೋಗಿದ್ದಳು. ಗುತ್ತಲದಲ್ಲಿ ಎಲ್ಲರೂ ಕ್ಷೇಮ ಎಂದಿತ್ತು ಅದರಲ್ಲಿ. ಯಾರು, ಏನು ಎಂದು ಕೇಳುವುದರೊಳಗೆ ಹೋಗಿಬಿಟ್ಟಿದ್ದಳು.

"ಅದು ನಾನ್ರಿ ಮುಸ್ತಾಕ್ ಕಾಕಾ. ಆಗ ಡಿಗ್ರಿ ಓದತಿದ್ದೆ. ಗೂಡುಸಾಬ ಕಾಕಾ ಹೇಳಿದ್ದನ್ನ ಹಾವೇರ್‍ಯಾಗ ಬರಕೊಂಡು ತಂದಿದ್ದೆ" ಎಂದರು ಭುವನಾ.

ಮುಸ್ತಾಕ್ ಅವರ ಕಡೆ ತಿರುಗಿ, "ಅವತ್ತ ಒಂದು ಕಪ್ ಚಹಾನೂ ಕೊಡ್ಲಿಲ್ಲವಾ ನಿನಗ" ಎಂದರು. ಹೊರಗೆ ಹೋಗಿ, ಭಾನುವಾರ ಬರಬೇಕಿದ್ದವನಿಗೆ ಫೋನ್ ಮಾಡಿ ಬರಬೇಡವೆಂದರು.

ಉಳಿದ ಎರಡು ಪ್ರಶ್ನೆಗೆ ಕಾಕಾ ದಾರಿ ತೋರಿಸಿದರು. ಸೆಟ್ಟುಗಳನ್ನು ಬಳಗ ತನ್ನ ವಶಕ್ಕೆ ತೆಗೆದುಕೊಂಡು ಕಾಗದ ಬರೆದುಕೊಡುತ್ತದೆ, ಇಲಾಖೆಗೂ ತಿಳಿಸುತ್ತದೆ. ಲೈಸನ್ಸ್ ಇರುವ ಕಾಕಾನ ಮನೆಯಲ್ಲಿ ಅವು ಕ್ಷೇಮವಾಗಿರುತ್ತವೆ. ಈ ಮನೆಯ ಯಾರಾದರೂ ಪರೀಕ್ಷೆ ಪಾಸಾಗಿ ಲೈಸನ್ಸ್ ತೆಗೆದುಕೊಂಡರೆ ಅವತ್ತೇ ತಿರುಗಿ ಬರುತ್ತವೆ. ಆಗಲಿಲ್ಲವೆಂದರೆ ರೋಷನಬಿಯವರ ಒಪ್ಪಿಗೆಯ ಮೇಲೆ ಯಾವುದಾದರೂ ಶಾಲೆಯ ಹ್ಯಾಮ್ ಕ್ಲಬ್ಬಿಗೆ ಹೋಗುತ್ತವೆ.

"ಯಾರ್ ಬರೀತಾರ ಪರೀಕ್ಷಾ?" ಎಂದು ಮುಸ್ತಾಕ್ ಕೇಳಿದರು. ಆ ಮನೆಯಲ್ಲಿ ಇದ್ದದ್ದು ರೋಷನಬಿ ಒಬ್ಬರೇ. ಅವರ ಮಗಳು ಜರೀನಾ ಮದುವೆಯಾಗಿ ದೂರದ ಊರಿನಲ್ಲಿದ್ದಳು.

"ಎಷ್ಟ್ ವಯಸ್ಸಾಗಿರಬೇಕ್ರಿ ಕಾಕಾ?" ಎಂದರು ರೋಷನಬಿ.

"ಹನ್ನೆರಡು ತುಂಬಿದ್ರ ಸಾಕವಾ. ಮ್ಯಾಲೆ ಮಿತಿ ಇಲ್ಲ."

"ನನಗ ಹನ್ನೆರಡು ತುಂಬಿ ಮೂವತ್ತಾರು ವರ್ಷ ಆತು. ಬರೀತೇನಿ."

ಮುಸ್ತಾಕ್ ತಲೆ ಮೇಲೆ ಕೈ ಇಟ್ಟುಕೊಂಡರು. ಭಾಬಿ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವರು, ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ಮಂದಿ ನಗುತ್ತಾರೆ ಎಂದರು. ನಗಲಿ ಬಿಡು, ನಕ್ಕರೆ ಗಾಳಿಗೇನು ಭಾರ ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ನಗಲಿಲ್ಲ. ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಇಡುವಾಗ ರೋಷನಬಿ ಬರಿದಾದ ಮೇಜನ್ನು ಒರೆಸುತ್ತ ನಿಂತಿದ್ದರು.

ಮುಂದಿನ ಭಾನುವಾರದಿಂದ ಪಾಠ. ಭುವನಾ ಹಾವೇರಿಯಿಂದ ಬಸ್ಸಿಗೆ ಬರುತ್ತಿದ್ದರು. ಬಳಗದ ಕಪಾಟಿನ ಪುಸ್ತಕಗಳು ಬಂದವು. ಹಿಂದೆ ಪಾಸಾದವರು ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿ ಬಂತು, ಹಳೆಯ ಪ್ರಶ್ನೆಗಳ ಕಟ್ಟು ಬಂತು. ಅದರಲ್ಲಿನ ಇಂಗ್ಲಿಷನ್ನು ರೋಷನಬಿ ಭುವನಾ ಜೊತೆ ಒಂದೊಂದೇ ಶಬ್ದ ಬಿಡಿಸಿ ಕಲಿತರು. ಯಾವುದಕ್ಕೂ ಫೀ ಇಲ್ಲ. ನಮಗೆ ಕಲಿಸಿದವರೂ ತೆಗೆದುಕೊಂಡಿರಲಿಲ್ಲ, ನಾವೂ ತೆಗೆದುಕೊಳ್ಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳಬಹುದಾದ ರೇಡಿಯೊಗಳಿವೆ. ಜರೀನಾ ವಿಡಿಯೊ ಕಾಲ್ ಮಾಡಿ ಅದನ್ನು ತಾಯಿಯ ಫೋನಿನಲ್ಲಿ ಹಚ್ಚುವುದು ಹೇಗೆ ಎಂದು ತೋರಿಸಿಕೊಟ್ಟಳು. ರೋಷನಬಿ ಕಾಳು ಆರಿಸುತ್ತ ದೇಶದೇಶದ ಹ್ಯಾಮ್‌ಗಳ ಮಾತು ಕೇಳತೊಡಗಿದರು.

ಕರೆಂಟು ಕಾಲುವೆಯ ನೀರು, ತಡೆ ಎಂದರೆ ಪೈಪಿನ ಬಾಯಿಗೆ ಇಟ್ಟ ಹೆಬ್ಬೆರಳು ಎಂದು ಭುವನಾ ಹೇಳಿಕೊಟ್ಟರು. ಅದು ಲಗೂನೆ ತಲೆಗೆ ಹೋಯಿತು. ಅಕ್ಷರಗಳು ಹೋಗಲಿಲ್ಲ. ಗಾಳಿಯಲ್ಲಿ ಎ, ಬಿ, ಸಿ ಸರಿಯಾಗಿ ಕೇಳುವುದಿಲ್ಲವೆಂದು ಆಲ್ಫಾ, ಬ್ರಾವೊ, ಚಾರ್ಲಿ ಎನ್ನಬೇಕು. ರೋಷನಬಿ ಅದಕ್ಕೊಂದು ಉಪಾಯ ಹೂಡಿದರು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಅಂಟಿಸಿದರು. ಅವಲಕ್ಕಿ ಆಲ್ಫಾ, ಬ್ಯಾಳಿ ಬ್ರಾವೊ, ಚಹಾಪುಡಿ ಚಾರ್ಲಿ, ಸಕ್ಕರೆ ಸಿಯೆರಾ. ತಿಂಗಳೊಳಗೆ ಆ ಮನೆಗೆ ಬಂದವರಿಗೆಲ್ಲ, ಚಹಾಕ್ಕೆ ಸಿಯೆರಾ ಎಷ್ಟು ಚಮಚ ಎಂಬ ಪ್ರಶ್ನೆ ಕಾದಿರುತ್ತಿತ್ತು. ಮುಸ್ತಾಕರು ಮೊದಲ ಸಲ ಕೇಳಿ, ಯಾವುದೋ ಗುಳಿಗೆ ಇರಬೇಕೆಂದು ಬೇಡವೆಂದರು. ಸಪ್ಪೆ ಚಹಾ ಕುಡಿದು ಹೋದರು.

ನನ್ನ ಚಟವೂ ಕಡೆಗೆ ಒಂದು ಕೆಲಸಕ್ಕೆ ಬಂತು. ಕಾಕಾ ಹಳೆಯ ಟೆಲಿಫೋನಿನ ಸಾಮಾನುಗಳಿಂದ ಅಡುಗೆಮನೆ ಮತ್ತು ಮುಂದಿನ ಕೋಣೆಯ ನಡುವೆ ತಂತಿ ಎಳೆದು ಎರಡೂ ಕಡೆ ಮೈಕು, ಸ್ಪೀಕರ್ ಕೂಡ್ರಿಸಿದರು. ತಂತಿಯ ಮೇಲಿನ ಮಾತು ಗಾಳಿಗೆ ಹೋಗುವುದಿಲ್ಲ, ಆದ್ದರಿಂದ ಅಭ್ಯಾಸಕ್ಕೆ ಲೈಸನ್ಸ್ ಬೇಡ. ನಾನು ಅಡುಗೆಮನೆಯ ಬಾಗಿಲ ಹಿಂದೆ ಕುಳಿತು ದೇಶದೇಶದ ಹ್ಯಾಮ್ ಆಗುತ್ತಿದ್ದೆ. ಕೇರಳದವ, ರಷ್ಯದವ, ಕೆಮ್ಮುವ ಮುದುಕ, ಏಳುತ್ತ ಮುಳುಗುತ್ತ ಬರುವ ದನಿ. ಗುರ್ ಎನ್ನುವ ಗದ್ದಲವನ್ನೂ ಬಾಯಲ್ಲೇ ಮಾಡುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಅದೂ ಪಾಠದಲ್ಲೇ ಸೇರುತ್ತಿತ್ತು. ಆ ಗದ್ದಲದೊಳಗಿಂದ ರೋಷನಬಿ ನನ್ನ ಗುರುತಿನ ಅಕ್ಷರ ಹೆಕ್ಕಿ ಬರೆಯಬೇಕು. ಮೊದಲ ವಾರ ಏನೂ ಸಿಗಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ, "ನಿನ್ನ ರಷ್ಯದಾವ್ಗ ನೆಗಡಿ ಆಗೇತಿ, ಆದ್ರೂ ನಂಬರ್ ಬರಕೊಂಡೇನಿ" ಎನ್ನುತ್ತಿದ್ದರು.

ಒಂದು ದಿನ ಅವರೇ ಹೇಳಿದರು, "ಹ್ಯಾಮ್ ಅಂದ್ರ ಏನೋ ಅಂತಿದ್ದೆ. ಉರ್ದುದಾಗ ಹಮ್ ಅಂದ್ರ ನಾವು. ಅದ ಇರಬೇಕು." ಇಂಗ್ಲಿಷಿನವರು ಒಪ್ಪಲಿಕ್ಕಿಲ್ಲ. ನಾವು ಒಪ್ಪಿದೆವು.

ಅರ್ಜಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಆನ್‌ಲೈನ್ ಪೋರ್ಟಲಿನಲ್ಲಿ ತುಂಬಿದೆವು. ಎರಡು ದರ್ಜೆಯ ಪರೀಕ್ಷೆಯಲ್ಲಿ ಮೋರ್ಸ್ ಎಂಬ ಟಿಕ್ ಟಿಕ್ ಸಂಕೇತ ಬೇಡದ ಕೆಳಗಿನ ದರ್ಜೆ ಆರಿಸಿದೆವು. ಏಳು ತಿಂಗಳು ಓದಿದ ಮೇಲೆ ತಾರೀಕು ಬಂತು. ರೋಷನಬಿ ಮತ್ತು ಭುವನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರೆದು ಬಂದರು. ಹೇಗಾಯಿತು ಎಂದು ಕೇಳಿದರೆ, ಹೆಬ್ಬೆರಳಿನ ಪ್ರಶ್ನೆ ಬಂದಿತ್ತು ಎಂದರು ರೋಷನಬಿ.

ಇಲ್ಲಿಂದ ಕಾಯುವ ಕಾಲ. ವಿಚಿತ್ರವೆಂದರೆ ಎಲ್ಲರಿಗಿಂತ ಹೆಚ್ಚು ಕಾದವರು ಮುಸ್ತಾಕ್. ಮಾರುಕಟ್ಟೆಯಲ್ಲಿ ಯಾರೋ ಶಾಣ್ಯಾ ಅವರ ತಲೆಗೆ ಹುಳ ಬಿಟ್ಟಿದ್ದ. ನೀನು ಲೈಸನ್ಸ್ ಇಲ್ಲದೆ ಮಾತಾಡಿದ್ದೆಲ್ಲ ದಿಲ್ಲಿಯಲ್ಲಿ ಟೇಪ್ ಆಗಿರುತ್ತದೆ, ಅದೇ ಮನೆಗೆ ಲೈಸನ್ಸ್ ಹೇಗೆ ಕೊಡುತ್ತಾರೆ ಎಂದಿದ್ದ. ಹಾಗೇನೂ ಆಗಲಿಕ್ಕಿಲ್ಲ, ತಿಳಿದ ಕೂಡಲೇ ನೀವು ನಿಲ್ಲಿಸಿದ್ದೀರಿ ಎಂದು ಕಾಕಾ ಹೇಳಿದರೂ ಮುಸ್ತಾಕರಿಗೆ ಸಮಾಧಾನ ಇಲ್ಲ. ಪ್ರತಿ ಸೋಮವಾರ, ಗುರುವಾರ ನನಗೆ ಫೋನ್. ಒಮ್ಮೆ ದನಿ ತಗ್ಗಿಸಿ ಕೇಳಿದರು.

"ಭಾಬಿ ನಾಪಾಸಾದ್ರ ಅದು ಬ್ಯಾರೆ ಮಾತು. ಪಾಸಾಗಿ, ನನ್ನ ಸಲುವಾಗಿ ತಪ್ಪಿಹೋದ್ರ ನಾ ಆ ಮನಿ ಹೊಸ್ತಿಲಾ ಹ್ಯಾಂಗ ತುಳೀಲಿ?"

ಕಾಗದ ಬಂತು. ರೋಷನಬಿ ಪಾಸಾಗಿದ್ದರು. ಲೈಸನ್ಸಿನ ಮೇಲೆ ಅವರ ಹೆಸರು, ವಿಯು3 ಎಂದು ಶುರುವಾಗುವ ಅವರದೇ ಗುರುತಿನ ಅಕ್ಷರ. ಕಾಕಾ ಆ ಗುರುವಾರವೇ ದೊಡ್ಡ ಸೆಟ್ಟನ್ನು ತಂದು ಮೇಜಿನ ಮೇಲಿಟ್ಟು ತಂತಿ ಜೋಡಿಸಿದರು. ಮುಸ್ತಾಕರಿಗೆ ನಾನೇ ಫೋನ್ ಮಾಡುವವನಿದ್ದೆ. ರೋಷನಬಿ ತಡೆದರು. ನಾಳೆ ಶುಕ್ರವಾರ ನಮಾಜು ಮುಗಿಸಿ ಊಟಕ್ಕೆ ಬರುತ್ತಾನೆ, ಆಗ ಹೇಳೋಣ ಎಂದರು. ಸಪ್ಪೆ ಚಹಾ ಕುಡಿದವನಿಗೆ ಸ್ವಲ್ಪ ಖಾರ ಬೇಡವೇ ಎಂದು ನನ್ನನ್ನು ಅಡುಗೆಮನೆಯ ಬಾಗಿಲ ಹಿಂದೆ ಕೂಡ್ರಿಸಿದರು. ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಶುಕ್ರವಾರ ಕಾಕಾ, ಭುವನಾ ಮೊದಲೇ ಬಂದು ಕುಳಿತಿದ್ದರು. ಮುಸ್ತಾಕ್ ಬಂದು ಸೆಟ್ಟನ್ನು ನೋಡಿ ಬೆಚ್ಚಿದರು. ಕಾಗದ ಬಾರದೆ ಇದು ಹೇಗೆ ಬಂತು ಎಂದರು. ಅಷ್ಟರಲ್ಲಿ ಸೆಟ್ಟಿನ ಹಿಂದಿಟ್ಟ ಸ್ಪೀಕರಿನಲ್ಲಿ ಗುರ್ ಎಂದು ಸದ್ದಾಯಿತು. ಆ ಸದ್ದು ನಾನು. ನಂತರ ಗಂಟಲು ಕೆರೆದುಕೊಂಡು, ದಿಲ್ಲಿಯ ಸಾಹೇಬರ ಹಾಗೆ ಒಂದು ದೊಡ್ಡ ದನಿ ಬಂತು. ಅದೂ ನಾನು. ನಾನು ಯಾರೆಂದು ಎಲ್ಲಿಯೂ ಹೇಳಲಿಲ್ಲ, ಹೆಸರಿನ ಜಾಗದಲ್ಲಿ ಬರೇ ಗದ್ದಲ ಮಾಡಿದೆ.

"ಹಲೋ ಗುತ್ತಲ್. ಉಧರ್ ಮಿರ್ಚಿವಾಲಾ ಹೈ ಕ್ಯಾ? ಬ್ಯಾಡ್ಗಿ ಕಾ ಮಿರ್ಚಿವಾಲಾ?"

ಬಾಗಿಲ ಸಂದಿಯಿಂದ ಕಂಡಿತು. ಮುಸ್ತಾಕ್ ಎದ್ದು ನಿಂತರು. ರೋಷನಬಿ ಅಭ್ಯಾಸದ ಮೈಕನ್ನು ಅವರ ಮುಂದೆ ಹಿಡಿದು, ನಿನ್ನನ್ನೇ ಕೇಳುತ್ತಿದ್ದಾರೆ ಎಂದರು. ಮುಸ್ತಾಕ್ ತಪ್ಪಿಸಿಕೊಳ್ಳುತ್ತಾರೆ, ತಡವರಿಸುತ್ತಾರೆ, ಆಗ ನಗಬಹುದು ಎಂದು ನಾವು ಲೆಕ್ಕ ಹಾಕಿದ್ದೆವು. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಾಹೇಬ್ರ, ಆ ಮಿರ್ಚಿವಾಲಾ ನಾನ. ತಪ್ಪ ನಂದು. ಭಾಬಿಗೆ ಅದರಾಗಿಂದು ಒಂದೂ ಗೊತ್ತಿಲ್ರಿ. ಏಳು ತಿಂಗಳು ಡಬ್ಬಿ ಡಬ್ಬಿಗೆ ಚೀಟಿ ಹಚ್ಚಿ ಓದ್ಯಾರ. ಶಿಕ್ಷಾ ಏನಿದ್ರೂ ನನಗ ಕೊಡ್ರಿ, ಆ ಕಾಗದ ಅಷ್ಟ ಆಕಿಗೆ ಕಳಸ್ರಿ. ಆಕಿ ಮಾತಾಡಿದ್ರ ಈ ಮನ್ಯಾಗ ನಮ್ಮ ಅಣ್ಣನ ಸೆಟ್ ಬಾಳತೈತ್ರಿ."

ಬಾಗಿಲ ಹಿಂದೆ ನನ್ನ ಗದ್ದಲ ನಿಂತೇಹೋಯಿತು.

ಮುಸ್ತಾಕ್ ಸಾಹೇಬರು ಒಂದು ನಿಮಿಷ ಹಾಗೆಯೇ ಮೈಕು ಹಿಡಿದು ನಿಂತಿರಲಿ. ಅಷ್ಟರಲ್ಲಿ ನಿಮಗೆ ಒಂದು ಮಾತು.

ನಿಮ್ಮ ಮನೆಯಲ್ಲೂ ಯಾರೋ ಬಿಟ್ಟುಹೋದ ಇಂಥ ಸೆಟ್ಟು ಇರಬಹುದು. ಮಾರಬೇಡಿ, ಗುಜರಿಗೆ ಹಾಕಬೇಡಿ, ಆಟಕ್ಕೆಂದೂ ಒತ್ತಿ ಮಾತಾಡಬೇಡಿ. ಹತ್ತಿರದ ಹ್ಯಾಮ್ ಕ್ಲಬ್ಬಿಗೆ ತಿಳಿಸಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ತರಿಸುವ ಮೊದಲು ಅದಕ್ಕೆ ಲೈಸನ್ಸ್ ಬೇಕೇ ಎಂದು ಕೇಳಿ. ನಿಮಗೆ ಅಥವಾ ನಿಮ್ಮ ಮನೆಯ ಮಕ್ಕಳಿಗೆ ಈ ಹವ್ಯಾಸ ಬೇಕೆನಿಸಿದರೆ ಒಬ್ಬರೇ ಒದ್ದಾಡಬೇಡಿ. ಪುಸ್ತಕ ಕೊಡುವವರಿದ್ದಾರೆ, ಪಾಠ ಹೇಳುವವರಿದ್ದಾರೆ, ಮಾಳಿಗೆ ಹತ್ತಿ ಏರಿಯಲ್ ಕಟ್ಟಿಕೊಡುವವರಿದ್ದಾರೆ, ಮೊದಲ ದಿನ ನಿಮ್ಮ ಕರೆಗೆ ಓಗೊಡಲು ಕಾದು ಕೂಡುವವರೂ ಇದ್ದಾರೆ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ದೂರಸಂಪರ್ಕ ಇಲಾಖೆಯ ಜಾಲತಾಣ ನೋಡಿಕೊಳ್ಳಿ. ಇನ್ನು ಈಗಾಗಲೇ ಹ್ಯಾಮ್ ಆಗಿರುವವರಿಗೂ ಒಂದು ಮಾತು: ಹಾಜರಿಯಲ್ಲಿ ಒಂದು ದನಿ ಕಡಿಮೆಯಾದರೆ ಆ ಮನೆಗೆ ಹೋಗಿ ಬನ್ನಿ. ನಾವು ಏಳು ತಿಂಗಳು ತಡವಾಗಿ ಹೋದೆವು. ಆದರೂ ಆ ಮನೆಯವರು ನಮಗೆ ಚಹಾ ಕೊಟ್ಟರು. ಅದರ ಋಣಕ್ಕೆ ಈ ಬರಹ.

ಈಗ ಮುಸ್ತಾಕರ ಕಡೆ ಬರೋಣ. ರೋಷನಬಿ ಕಣ್ಣೊರೆಸಿಕೊಂಡು, ಲೈಸನ್ಸಿನ ಕಾಗದವನ್ನು ತಂದು ಅವರ ಮುಂದೆ ಹಿಡಿದರು. ಮುಸ್ತಾಕ್ ಅತ್ತಿಗೆಯ ಹೆಸರನ್ನು ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ತಮ್ಮ ಕೈಯಲ್ಲಿದ್ದ ಮೈಕನ್ನು ನೋಡಿದರು. ಅದರ ತಂತಿ ದೊಡ್ಡ ಸೆಟ್ಟಿಗೆ ಹೋಗಿರಲಿಲ್ಲ. ಗೋಡೆಗುಂಟ ಸಾಗಿ, ಹೊಸ್ತಿಲು ದಾಟಿ, ಅಡುಗೆಮನೆಯ ಬಾಗಿಲ ಹಿಂದೆ ಹೋಗಿತ್ತು. ಅವರು ತಂತಿಯ ಹಿಂದೆಯೇ ನಡೆದು ಬಂದು ಬಾಗಿಲು ಸರಿಸಿದರು. ನಾನು ಅಲ್ಲಿ ಸಿಯೆರಾ ಡಬ್ಬಿಯ ಪಕ್ಕದಲ್ಲಿ ಮುದುಡಿಕೊಂಡು ಕುಳಿತಿದ್ದೆ.

ಬೈಯುತ್ತಾರೆ ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆ ದಿಲ್ಲಿ ಸಾಹೇಬ ಏನಂದ, ಇನ್ನೊಮ್ಮೆ ಅನ್ನು" ಎಂದರು.

ಅಂದೆ. ಅದಾದ ಮೇಲೆ ಕೇಳದಿದ್ದರೂ ಅವರ ದನಿಯನ್ನೂ ತೆಗೆದು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಆ ಮಿರ್ಚಿವಾಲಾ ನಾನ ಎಂದೆ. ಭುವನಾ ನಕ್ಕರು, ಕಾಕಾ ನಕ್ಕರು. ಮುಸ್ತಾಕ್ ಗೋಡೆಗೆ ಆತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ರೋಷನಬಿ ಖರೇ ಸೆಟ್ಟಿನ ಮುಂದೆ ಕುಳಿತು ಖರೇ ಮೈಕು ಕೈಗೆತ್ತಿಕೊಂಡಿದ್ದರು. ತಮ್ಮ ಮೊದಲ ಕರೆಯನ್ನು ಗಾಳಿಗೆ ಬಿಡಲು ಅವರು ಬಹಳ ಹೊತ್ತು ಕಾಯಬೇಕಾಯಿತು. ನಾವೆಲ್ಲ ಸುಮ್ಮನಾದ ಮೇಲೂ ಮುಸ್ತಾಕರ ನಗು ನಿಂತಿರಲಿಲ್ಲ.